ಮನಾಲಿಯಾಗ ತುಂಬಿದ ಟಾಕಿ

ಜನವರಿ 21, ಮಂಗಳವಾರ

ಎದ್ದ ಕೂಡಲೇ ಗಾಡಿ ಕೆಳಗ ಬಗ್ಗಿ ನೋಡಿದೆ. ಹಸಿ. ನಿನ್ನೆ ಇಟ್ಟ ಪರಾತದಾಗ ಅರ್ಧ ನೀರು. ಒರೆಸಿದೆ. ಗಾಡಿಯೊಳಗಿನ ನೀರಿನ ಪಂಪಿನ ಸ್ವಿಚ್ ಹಾಕಿದೆ — ಗರ್ರ್ ಅಂತು. ನಳ ಎಲ್ಲಾ ಬಂದ್ ಇದ್ದಾಗ ಪಂಪು ಒಂದ್ಸಲ ಗರ್ರ್ ಅಂದು ಸುಮ್ಮನಾಗಬೇಕು. ಆಗವಲ್ದು. ಅಂದ್ರ ಒಳಗ ಎಲ್ಲೋ ನೀರು ದಾರಿ ಮಾಡ್ಕೊಂಡಾವ. ಎಲ್ಲಿ? ಕಾಣವಲ್ದು. ಹಲಿಗಿ ಹಿಂದ ಪೈಪು, ಹಲಿಗಿ ಮುಂದ ನಾನು.

ಬಂದ್ ಮಾಡ್ದೆ. ಮತ್ತ ಹಾಕಿದೆ. ಮತ್ತ ಗರ್ರ್.

ಹೆಂಡ್ತಿ ಸುಜಾತಾ ಬಂದು ಸೊಂಟದ ಮ್ಯಾಲ ಕೈ ಇಟ್ಟು ನಿಂತಳು. "ನನ್ನ ಹಿಟ್ಟು ನಾದೋ ಪರಾತ ಯಾಕ ಒಯ್ದ್ರಿ?"

"ಸೋರತದ."

"ಗಾಡಿ ಸೋರಿದ್ರ ಮನ್ಯಾಗ ರೊಟ್ಟಿ ತಿನ್ನಬಾರದೇನ್ರಿ?"

ಪರಾತ ತೊಳದು ಕೊಟ್ಟೆ. ಅದರ ಬದ್ಲಿ ಬಣ್ಣದ ಖಾಲಿ ಡಬ್ಬಿ ಇಟ್ಟೆ.

ಕಟ್ಟಿ ಮ್ಯಾಲಿಂದ ಅವ್ವ — "ಜೈಪಾ, ಆತೇನೋ?"

"ಆಗತದವ್ವ."

ಇದೇ ಮಾತು ದಿನಾ. ಆಕಿ ಕೇಳೋದು, ನಾ ಅನ್ನೋದು. ಏಳನೇತ್ತದಾಗ ಸಾಲಿ ಬಿಟ್ಟವ ನಾ, ಬರಿಯೋದು ಯಾರಿಗಂತ? ಯಾರಿಗೂ ಅಲ್ಲ. ಬರದ್ರ ಎದಿ ಜರಾ ಹಗುರಾಗತದ. ಇವತ್ತ ಆಗಲಿಲ್ಲ.


ಜನವರಿ 22

ಮನಾಲಿ ಸುದ್ದಿ ಬರೀಬಾರದು ಅನ್ಕೊಂಡಿದ್ದೆ. ತೆಲಿಯಾಗಿಂದ ಹೋಗವಲ್ದು. ಬರೀತೀನಿ.

ಗಾಡಿ ನಂದೂ ಭಾವಂದೂ ಕೂಡಿ ಅದ. ಭಾವ ಅಂದ್ರ ನಮ್ಮಕ್ಕ ಲಚ್ಚಮ್ಮನ ಗಂಡ, ಆತ್ಮಾರಾಮ. ಹಳೇ ಟೆಂಪೋ ಟ್ರಾವೆಲರ್. ಒಳಗ ಮಲಗೋ ಜಾಗ, ಸಣ್ಣ ಅಡಿಗಿ ಕಟ್ಟಿ, ಸಿಂಕು, ಬಾಗಿಲಿರೋ ಸಂಡಾಸು. ಸೀಟಿನ ಕೆಳಗ ನೀರಿನ ಟಾಕಿ, ಬಾಜೂಕ ಬ್ಯಾಟರಿ ಪಂಪು. ಹಿಂದ ಹೊರಗ ಕಾಲು ತೊಳಿಯಾಕ ಒಂದು ನಳ. ಹೈದರಾಬಾದಿನ ಮಂದಿ ಬಾಡಿಗಿ ಹಿಡೀತಾರ. ಈ ಸಲ ಒಂದು ಮನಿಯವರು ಬರ್ಫ ನೋಡಬೇಕು ಅಂದ್ರು. ಹೋದಿವಿ, ಇಬ್ಬರೂ.

ಅಲ್ಲಿ ಹೋಟೆಲಿನ ಮುದುಕ ಚಂದಾಗಿ ಹೇಳಿದ್ದ. ರಾತ್ರಿ ಟಾಕಿ ಖಾಲಿ ಮಾಡ್ರಿ, ನಳ ಎಲ್ಲಾ ತೆರದಿಡ್ರಿ, ಪೈಪಿನಾಗ ನೀರು ನಿಂತು ಬರ್ಫ ಆತಂದ್ರ ಒಡದು ಹೋಗತದ. ಮಾಡ್ದೆ. ಹೊತ್ತು ಮುಳುಗೋ ಮೊದಲೇ ಖಾಲಿ ಮಾಡ್ದೆ. ಆಮ್ಯಾಲ ಮೈ ಬಿಸಿ ಬಂತು, ಗುಳಿಗಿ ತಗೊಂಡು ಹೊಚ್ಕೊಂಡು ಬಿದ್ದೆ.

ಭಾವ ಊಟ ಮಾಡಿ ಕೈ ತೊಳಿಯಾಕ ಹೋಗ್ಯಾರ. ಹೋಟೆಲಿನ ಅಂಗಳದಾಗ ನಳ ಸುಮ್ಮನ ಹರಿಯಾಕತ್ತಿತ್ತಂತ. ಅಲ್ಲಿ ಹಂಗೇ. ಹರಿಯೋ ನೀರು ಗಟ್ಟಿಯಾಗಂಗಿಲ್ಲ ಅಂತ ರಾತ್ರಿಯೆಲ್ಲಾ ನಳ ಬಿಟ್ಟಿಡ್ತಾರ. ಭಾವಗ ಅದು ಹ್ಯಾಂಗ ತಿಳೀಬೇಕು. ನಮ್ಮೂರಾಗ ನಳ ಬಂತಂದ್ರ ತಾಟು ಬಿಟ್ಟು ಏಳ್ತೀವಿ. ಒಂದಿನ ಬಿಟ್ಟು ಒಂದಿನ ಬರೋ ನೀರು. ಕೊಡ, ಬಕಿಟು, ಹಂಡೆ, ಕಡೀಗಿ ಚರಿಗಿ — ಖಾಲಿ ಕಂಡದ್ದೆಲ್ಲಾ ತುಂಬೋದು. ಹರಿಯೋ ನಳ ನೋಡಿ ಸುಮ್ಮನ ಬರೋ ಮನಷಾ ಈ ನ್ಯಾಲ್ಕಲ್ ಕಡಿ ಇನ್ನ ಹುಟ್ಟಿಲ್ಲ. ಭಾವ ಪೈಪು ಹಚ್ಚಿ ಟಾಕಿ ಕುತ್ತಿಗಿ ಮಟ ತುಂಬಿ, ನಾ ತೆರದಿಟ್ಟ ನಳ ಎಲ್ಲಾ ಬಂದ್ ಮಾಡಿ, ಖುಷಿಲೇ ಮಲಗ್ಯಾರ.

ಮುಂಜಾನಿ ಅಂದ್ರು — "ಪುಕ್ಕಟೆ ನೀರು ಹೊಂಟಿತ್ತು ಜೈಪಾಲ. ಫುಲ್ ಮಾಡೀನಿ ನೋಡು."

ನಳ ತಿರುವಿದೆ. ಕಲ್ಲು. ಬಿಸಿಲು ಏರಿತು, ಕರಗಿತು. ಆಮ್ಯಾಲ ನೀರು ಎಲ್ಲೆಲ್ಲಿ ಬರಬಾರದೋ ಅಲ್ಲೆಲ್ಲಾ ಬಂತು. ಬಾಡಿಗಿಯವರ ಹಾಸಿಗಿ ತೊಯ್ದು ಹೋಯ್ತು. ಅವರು ಬಸ್ ಹಿಡಕೊಂಡು ಹೋದ್ರು.

ಅಕ್ಕನ ಗಂಡ. ಮನಿಗಿ ಬಂದ್ರ ಕಾಲಿಗಿ ನೀರು ಕೊಟ್ಟು ಕೂಡ್ಸೋ ಮನಷಾ. ಬೈಯೋ ಹಂಗಿಲ್ಲ. "ಇರ್ಲಿ ಬಿಡ್ರಿ ಭಾವ" ಅಂದೆ. ಇನ್ನೂ ಅದೇ ಅನ್ನಾಕತ್ತೀನಿ.


ಜನವರಿ 25, ಶನಿವಾರ

ಜಹೀರಾಬಾದಿಗಿ ಹೋಗಿದ್ದೆ. ಪಂಪಿಗಿ ಕೂಡಿದ ಫಿಲ್ಟರಿನ ಡಬ್ಬಿ ಸೀಳಿದ್ದು ಕಣ್ಣಿಗಿ ಕಾಣತಿತ್ತು. ಉಗುರು ಹೋಗೋವಷ್ಟು ಸೀಳು. ಚೀಲದಾಗ ಹಾಕ್ಕೊಂಡು ದುಕಾನ ದುಕಾನ ತಿರುಗಿದೆ. ಬೋರಿನ ಸಾಮಾನು ಅದ. ಡ್ರಿಪ್ಪಿನ ಸಾಮಾನು ಅದ. ಇದಕ್ಕ ಯಾವದೂ ಕೂಡವಲ್ದು. ಥ್ರೆಡ್ಡೇ ಬ್ಯಾರೆ.

"ಇದು ಯಾವ ದೇಶದ್ದಪಾ?" ಅಂದ ಸೇಟು.

"ಗಾಡೀದ್ರಿ."

"ಗಾಡ್ಯಾಗ ನಳ? ಮನಿ ಇಲ್ಲೇನು ನಿಮಗ?"

ದುಕಾನದಾಗ ಇದ್ದವರೆಲ್ಲಾ ನಕ್ಕರು. ನಾನೂ ನಕ್ಕೆ. ಒಳಗ ಉರಿಯಾಕತ್ತಿತ್ತು. ನಮ್ಮವ್ವ ಯಾಕ ಈ ನಳದ ದಾರಿ ಕಾಯ್ಕೋತ ಕುಂತಾಳಂತ ಇವರಿಗಿ ಹ್ಯಾಂಗ ಹೇಳೋದು. ಹೇಳೋವಂಥ ಮಾತೂ ಅಲ್ಲ.

ಇಲ್ಲಿ ಬರೀತೀನಿ. ಅವ್ವಗ ಲಕವಾ ಹೊಡದು ಮೂರು ವರ್ಷ ಆತು. ಕೋಲು ಹಿಡದು ನಡೀತಾಳ. ಬಲಗೈ ಏಳಂಗಿಲ್ಲ. ಒಂದಕ್ಕ ತಡಿಯಂಗಿಲ್ಲ, ಅಂದ ಕೂಡಲೇ ಹೋಗಬೇಕು. ಹೋದಮ್ಯಾಲ ತೊಳ್ಕೋಬೇಕು. ಚರಿಗಿ ಒಂದೇ ಕೈಲೇ ಆಗಂಗಿಲ್ಲ, ಯಾರರೆ ನೀರು ಹಾಕಬೇಕು. ಮನ್ಯಾಗಾದ್ರ ಸುಜಾತಾ ಹಾಕ್ತಾಳ. ರಸ್ತಾದಾಗ, ಬಸ್ಸಿನಾಗ, ಮಂದ್ಯಾಗ? "ಇನ್ನೊಬ್ಬರ ಕೈಲೇ ತೊಳಸ್ಕೊಂಡು ಊರು ತಿರುಗೋದು ಒಲ್ಲೆ" ಅಂದಳು. ಮೂರು ವರ್ಷ ಅಂಗಳ ದಾಟಿಲ್ಲ.

ಮನಾಲಿಗಿ ಹೋಗೋ ಮುಂದ ಗಾಡಿ ಸಂಡಾಸಿನಾಗ ಹೊಸ ಜೆಟ್ ನಳ ಹಾಕ್ಸಿದ್ದೆ. ಕೈಯಾಗ ಹಿಡದು ಒತ್ತಿದ್ರ ನೀರು. ಅವ್ವ ಸುಮ್ಮನ ನೋಡಾಕಂತ ಹತ್ತಿದಳು. ಬಾಗಿಲು ಹಾಕ್ಕೊಂಡಳು. ಎಷ್ಟೋ ಹೊತ್ತು ಬರಲಿಲ್ಲ. ನಂಗ ಗಾಬ್ರಿ. ಆಮ್ಯಾಲ ಒಳಗಿಂದ ನಗು. "ಲೇ ಜೈಪಾ! ಎಡಗೈಲೇ ಆತಲ್ಲೋ! ನಾನೇ ಮಾಡ್ಕೊಂಡೆ!" ಹೊರಗ ಬಂದು ಕೋಲು ಊರಿ ನಿಂತು ಅಂದಳು — "ನೀ ತಿರುಗಿ ಬಾ. ನನ್ನ ಪೆದ್ದೆಮುಲ್‌ಗಿ ಒಯ್ಯಿ. ನಮ್ಮಕ್ಕನ ನೋಡಬೇಕು."

ತಿರುಗಿ ಬಂದೆ. ಒಡದ ಗಾಡಿ ತಗೊಂಡು.

ಫಿಲ್ಟರ್ ತಗದು ಹಾಕಿ ಪೈಪಿಗಿ ಪೈಪು ನೇರ ಜೋಡಿಸಿದೆ. ಅಲ್ಲಿ ಸೋರೋದು ನಿಂತತು. ಪಂಪು ಇನ್ನೂ ಗರ್ರ್ ಅನ್ನಾಕತ್ತದ.


ಜನವರಿ 27

ದೊಡ್ಡವ್ವನ, ಅಂದ್ರ ಅವ್ವನ ಅಕ್ಕನ, ಸೊಸಿ ಅಮೃತಬಾಯಿ ಪೆದ್ದೆಮುಲ್‌ದಿಂದ ಫೋನ್ ಮಾಡಿದ್ಳು. ಈಶಮ್ಮ ದೊಡ್ಡವ್ವಗ ಮರವು ಬ್ಯಾನಿ. ವರ್ಷ ಆತು. ಒಂದಿನ ಎಲ್ಲಾ ಗೊತ್ತು, ಒಂದಿನ ಸ್ವಂತ ಮಗಗೇ "ಯಾರ್ರಿ ನೀವು, ಕೂಡ್ರಿ" ಅಂತಾಳ. ಮನಿ ಬಿಟ್ಟು ಹೊರಗ ಕರಕೊಂಡು ಬಂದ್ರ ಅಳ್ತಾಳ, ಗಾಡಿ ಹತ್ತಂಗಿಲ್ಲ. ಇಲ್ಲಾಂದ್ರ ಆಕಿನ್ನೇ ಇಲ್ಲಿಗಿ ತರ್ತಿದ್ದಿವಿ.

"ಇವತ್ತ ಛಲೋ ಅದಾಳ್ರಿ," ಅಂದಳು ಅಮೃತಬಾಯಿ. "ಮುಂಜಾನಿಂದ ಸಾಯಿ ಯಾವಾಗ ಬರ್ತಾಳ, ಸಾಯಿ ಯಾವಾಗ ಬರ್ತಾಳ ಅನ್ನಾಕತ್ಯಾಳ. ವಿಡಿಯೋ ಕಾಲ್ ಮಾಡ್ತೀನಿ, ಅತ್ತಿ ಕೈಯಾಗ ಕೊಡ್ರಿ."

ಕೊಟ್ಟೆ. ನಮ್ಮವ್ವನ್ನ ದೊಡ್ಡವ್ವ ಸಾಯಿ ಅಂತಾಳ. ಅವ್ವ "ಅಕ್ಕಾ, ನಾನಕ್ಕ" ಅಂದಳು. ದೊಡ್ಡವ್ವ ಫೋನ್ ನೋಡಿದಳು. ಆಮ್ಯಾಲ ಫೋನ್ ತಿರುವಿ ಅದರ ಹಿಂದ ನೋಡಿದಳು. ಅಲ್ಲಿ ಯಾರೂ ಇಲ್ಲ. ನಮಗ ಬರೇ ಅವರ ಮನಿ ತೊಲಿ ಕಂಡಾವ. "ಸಾಯಿ ಎಲ್ಲೆ? ದನಿ ಬರ್ತದ, ಆಕಿ ಎಲ್ಲೆ?" ಅನ್ನೋದು ಕೇಳಿಸ್ತು.

ಅವ್ವ ಫೋನ್ ನನ್ನ ಕೈಯಾಗ ಇಟ್ಟಳು. "ಇದು ಬ್ಯಾಡ. ಆಕಿ ಹೆದರ್ತಾಳ. ಗಾಡಿ ಜಲ್ದಿ ಮಾಡು."

ಜಲ್ದಿ. ಹ್ಯಾಂಗ ಮಾಡ್ಲಿ.


ಜನವರಿ 30, ಗುರುವಾರ

ಪಂಪಿನ ತೆಲಿನೇ ಒಡದದ. ಬಿಚ್ಚಿ ನೋಡಿದೆ, ಕೂದಲಿನಂಥ ಗೆರಿ. ಅದೇ ಪಂಪು ಬೇಕಂದ್ರ ಹೈದರಾಬಾದಿಗಿ ಹೋಗಬೇಕು, ಅಲ್ಲೂ ಆರ್ಡರ್ ಕೊಟ್ಟು ಕಾಯಬೇಕು. ಅಷ್ಟು ದಿನ ದೊಡ್ಡವ್ವ...

ಭಾವ ಬಂದ್ರು. ಕೈಯಾಗ ಗೋಣಿಚೀಲ, ಮಾರಿ ತುಂಬ ನಗು.

"ತಗೋ ಜೈಪಾಲ. ತೊಗರಿಗಿ ಔಷಧ ಹೊಡಿಯೋ ಮಷಿನ್ ಇತ್ತಲ್ಲ, ಅದರ ಪಂಪು ಬಿಚ್ಚೀನಿ. ಇದೂ ಬ್ಯಾಟರಿದೇ. ಸೇಮ್ ಟು ಸೇಮ್."

ಖರೇನೇ ಸೇಮ್. ಅಳತಿ ಕೂಡ ಕೂಡಿತು. ಆದ್ರ ವಾಸನಿ! ಎರಡು ವರ್ಷ ಹುಳದ ಔಷಧ ಕುಡದ ಪಂಪು. ಅದರ ನೀರು ಅವ್ವನ ಮೈಗಿ ತಾಗೋದು. ಮೈ ಸುಟ್ರ? ಹುಣ್ಣಾದ್ರ? ದವಾಖಾನಿಗಿ ಏನಂತ ಹೇಳೋದು?

"ಸಾಬೂನು ಹಾಕಿ ಮೂರ್ಸಲ ತೊಳದೀನಪಾ," ಅಂದ್ರು ಭಾವ.

ಬ್ಯಾಡ ಅಂತ ಹೇಳಬೇಕಂದೆ. ಹಚ್ಚಿದೆ. ಚಾಲೂ ಮಾಡ್ದೆ. ಗಾಡಿ ತುಂಬ ಹೊಲದ ವಾಸನಿ.

ಅವ್ವ ಕಟ್ಟಿ ಮ್ಯಾಲಿಂದ ಮೂಗು ಮುಚ್ಕೊಂಡಳು. "ಅಳಿಯಂದ್ರೇ, ನನಗೇನು ಹುಳ ಹತ್ಯಾವೇನ್ರಿ?"

ಭಾವ ನಕ್ಕರು. ಆಮ್ಯಾಲ ನಗು ನಿಂತು ಕೆಳಗ ನೋಡಿದ್ರು. ಚಹಾ ಕುಡೀದೇ ಹೋದ್ರು. ಪಾಪ ಅನ್ನಿಸ್ತು. ಸಿಟ್ಟೂ ಬಂತು. ಎರಡೂ ಕೂಡಿ ಬಂದ್ರ ಏನು ಮಾಡಬೇಕು.


ಜನವರಿ 31

ಜಹೀರಾಬಾದಿನ ಗೊಬ್ಬರದ ದುಕಾನದಿಂದ ಅದೇ ಥರದ ಹೊಸ ಪಂಪು ತಂದೆ. ಔಷಧ ಮುಟ್ಟಿಲ್ಲದ್ದು. ದುಕಾನದವಗ ಮೂರ್ಸಲ ಕೇಳಿದೆ, ಇದು ಹೊಸದೇ ಹೌದಲ್ರಿ? "ನುವ್ವು ತಾಗುತಾವಾ ಏಮಿ?" ಅಂದ ತೆಲುಗಿನಾಗ, ನೀ ಕುಡೀತೀಯೇನು ಅಂತ. ಕುಡಿಯಾಕ ಅಲ್ಲಪಾ.

ಹಚ್ಚಿದೆ. ಗರ್ರ್ ಅಂತದ. ನಿಂದ್ರಂಗಿಲ್ಲ. ಅಂದ್ರ ಇನ್ನೆಲ್ಲೋ ಒಡದದ.

ಟಾಕಿ ಪೂರಾ ತೊಳದೆ. ಭಾವನ ಪಂಪಿನ ವಾಸನಿ ಹೋಯ್ತೋ ಇಲ್ಲೋ ತಿಳೀವಲ್ದು. ಮೂಗೇ ಕೆಟ್ಟಂಗಾಗ್ಯದ. ಸುಜಾತಾಗ ಮೂಸು ಅಂದೆ, ಇಲ್ರಿ ಅಂದಳು. ಬೇಜಾರಾಗಿ ಅಂದಳೋ ಖರೇ ಇಲ್ಲೋ.


ಫೆಬ್ರವರಿ 3, ಸೋಮವಾರ

ನಾರಾಯಣಖೇಡದಿಂದ ಗುರುಲಿಂಗನ ಕರಸಿದ್ದೆ. ಫಿಲ್ಟರ್ ನೀರಿನ ಮಷಿನ್ ರಿಪೇರಿ ಮಾಡ್ತಾನ. ಸಣ್ಣ ಪೈಪು, ಸಣ್ಣ ಪಂಪು, ಅವಗ ಗೊತ್ತಿರಬೇಕು ಅಂತ.

ಬಂದ. ಕರೀ ಕನ್ನಡಕ ತಗೀಲಿಲ್ಲ. ಗಾಡಿ ಸುತ್ತ ಒಂದು ಸುತ್ತು ಹಾಕಿದ.

"ಡಿಸೈನೇ ರಾಂಗ್ ಅದರಿ," ಅಂದ.

"ಮನಾಲಿಯಾಗ ಬರ್ಫ ಆಗಿ—"

"ಬರ್ಫ ಗಿರ್ಫ ಏನಿಲ್ಲರಿ. ಪೈಪು ದಪ್ಪಾಗ್ಯದ. ದಪ್ಪ ಪೈಪಿನಾಗ ಪ್ರೆಷರ್ ನಿಂದ್ರಂಗಿಲ್ಲ. ನಾ ಎಲ್ಲಾ ಹೊಸಾದು ಹಾಕ್ತೀನಿ."

ಮಧ್ಯಾಹ್ನದ ಮಟ ಕಡದ, ಕೊಯ್ದ. ದಪ್ಪ ಪೈಪು ತಗದು ಫಿಲ್ಟರ್ ಮಷಿನಿನ ಬಿಳಿ ಪೈಪು ಹಾಕಿದ. ಸೋರೋದು ಖರೇನೇ ಕಡಿಮಿ ಆತು. ನಳ ತಿರುವಿದೆ. ದಾರದಂಗ ನೀರು.

ಅವ್ವ ಬಂದು ಜೆಟ್ ಒತ್ತಿ ನೋಡಿದಳು. "ಇದು ನಳ ಏನೋ, ಸಲೈನೋ?"

ಗುರುಲಿಂಗ — "ಅಜ್ಜಿ, ನೀರು ಉಳೀತಾವ."

"ನೀರು ಉಳಿಸ್ಕೊಂಡು ನಾ ಏನು ಮಾಡ್ಲಿ? ತೊಳ್ಕೊಳ್ಳೋದು ಸಂಜಿ ಮಟ ಕೂಡಬೇಕೇನು?"

ಅವ ಹೋದಮ್ಯಾಲ ಒಂದೊಂದೇ ಪೈಪು ನಾನೇ ತಿರುಗಿ ಜೋಡಿಸಿದೆ. ದಪ್ಪದ್ದು. ಕೊಯ್ದಲ್ಲಿ ಹೊಸ ಜೋಡಣಿ ಹಾಕಬೇಕಾತು. ಮೊದಲಿಗಿಂತ ಹೆಚ್ಚು ಕಡಿ ಸೋರಾಕತ್ತದ ಅನ್ನಿಸ್ತದ. ಲೆಕ್ಕ ಮಾಡಾಕ ಹೋಗಲಿಲ್ಲ.


ಫೆಬ್ರವರಿ 11

ಬಹಳ ದಿನ ಬರೀಲಿಲ್ಲ. ಬರಿಯೋಕ ಏನೂ ಇರಲಿಲ್ಲ. ಸೋರತದ, ಬಿಗಿ ಮಾಡ್ತೀನಿ, ಬ್ಯಾರೆ ಕಡಿ ಸೋರತದ. ನಿನ್ನೆ ಒಂದು ಜೋಡಣಿ ಬಹಳ ಬಿಗಿ ಮಾಡಾಕ ಹೋಗಿ ನಾನೇ ಮುರದೆ.

ಇವತ್ತ ಸಂಡಾಸಿನ ಹಲಿಗಿ ಬಿಚ್ಚಿದೆ. ಬಿಚ್ಚಾಕ ಅಂಜಿಕಿ ಇತ್ತು, ಮತ್ತ ಕೂಡಿಸಾಕ ಬರತದೋ ಇಲ್ಲೋ ಅಂತ. ಬಿಚ್ಚಿದೆ. ಹಿಂದ ಸಿಕ್ಕಿತು. ಜೆಟ್‌ಗಿ ಹೋಗೋ ಪೈಪಿನ ಮೂಲಿ ತುಂಡು. ಬೆರಳಿಗಿ ಹತ್ತಂಗಿಲ್ಲ, ಕಣ್ಣಿಗಿ ಕಾಣಂಗಿಲ್ಲ, ಪಂಪು ಚಾಲೂ ಆದಾಗ ಮಾತ್ರ ಬೆವತಂಗ ನೀರು. ಇಷ್ಟು ದಿನ ಅಲ್ಲೇ ಕುಂತಿತ್ತು ನನ್ನ ನೋಡ್ಕೋತ.

ಹೊಸ ತುಂಡು ಹಾಕಿದೆ. ಹಿಂದಿನ ಹೊರಗಿನ ನಳಾನೂ ಒಡದದ, ಅದರ ಕುತ್ತಿಗಿ. ಅದಕ್ಕ ಸಾಮಾನು ಎಲ್ಲೂ ಸಿಗವಲ್ದು. ಭಾವ ಹಳೇ ಸೈಕಲ್ ಟ್ಯೂಬು ಕೊಯ್ದು ಪಟ್ಟಿ ಮಾಡಿ ಸುತ್ತಿದ್ರು. ಬಿಗಿಯಾಗಿ, ಹಲ್ಲು ಕಡದು ಸುತ್ತಿದ್ರು.

"ಇದು ನಾ ಹೋಗೋ ಮಟ ಹೋಗಂಗಿಲ್ಲ ನೋಡು," ಅಂದ್ರು.

ಏನು ಮಾತು ಅದು. "ಹಂಗ್ಯಾಕಂತೀರಿ ಭಾವ" ಅಂದೆ.

"ಮತ್ತೇನು ಅನ್ಲಿ. ಆ ಮುದುಕಿ ದಿನಾ ಕಟ್ಟಿ ಮ್ಯಾಲ ಕುಂತು ನನ್ನ ನೋಡ್ತಾಳ. ಒಂದು ಮಾತು ಬೈಯಂಗಿಲ್ಲ. ಬೈದಿದ್ರ ಛಲೋ ಇತ್ತು."




ಫೆಬ್ರವರಿ 12

ಅಮೃತಬಾಯಿ ಫೋನ್. ದೊಡ್ಡವ್ವಗ ನಿನ್ನೆ "ಸಾಯಿ ಅತ್ತಿ ಬರ್ತಾಳಂತ" ಅಂದ್ಳಂತ.

"ಯಾವ ಸಾಯಿ?" ಅಂದಳಂತ ದೊಡ್ಡವ್ವ.

ಅವ್ವಗ ಹೇಳಲಿಲ್ಲ. ಸುಜಾತಾಗೂ ಹೇಳಲಿಲ್ಲ. ಇಲ್ಲಿ ಬರದೀನಿ. ಬರದ್ರ ಹಗುರಾಗತದ ಅಂತಿದ್ದೆ. ಸುಳ್ಳು.


ಫೆಬ್ರವರಿ 14

ಅವ್ವ ತಾನೇ ಕೇಳಿದಳು. "ಪೆದ್ದೆಮುಲ್ ಫೋನ್ ಬಂದಿತ್ತಲ್ಲ. ಏನಂದ್ಳು?"

"ಛಲೋ ಅದಾಳಂತ."

"ನೀ ಸುಳ್ಳು ಹೇಳೋ ಮುಂದ ಕಿವಿ ಕೆರೀತಿ. ಸಣ್ಣಾಂವ ಇದ್ದಾಗಿಂದ."

ಹೇಳಿದೆ. ಅವ್ವ ಕೋಲಿಂದ ನೆಲ ಗೀರಿದಳು. ಆಮ್ಯಾಲ ಅಂದಳು — "ಅವಾಗ ಊರಿಗೆಲ್ಲಾ ಒಂದೇ ಬಾವಿ. ನಮಗ ಆ ಬಾವಿಗಿ ಇಳಿಯಾಕ ಕೊಡ್ತಿರಲಿಲ್ಲ. ಹೊಲದ ಬಾವಿಗಿ ಹೋಗಬೇಕು, ದೂರ. ಅಕ್ಕ ಹಗ್ಗ ಜಗ್ಗೋಳು, ನಾ ಕೊಡ ಹೊರೋಳು. ನಾ ಆಟಕ್ಕ ಹತ್ತಿ ತಡಾ ಮಾಡ್ತಿದ್ದೆ. ಅಕ್ಕ ಬಾವಿ ಕಡಿಯಿಂದೇ ನನ್ನ ಹೆಸರು ಹಿಡದು ಒದರತಿದ್ಳು. ಆ ದನಿ ಮೂರು ಹೊಲ ದಾಟತಿತ್ತು."

"ಸುಜಾತಾ ಬರಾಕ ಆಗಂಗಿಲ್ಲವ್ವ, ಅಂಗನವಾಡಿ ಸರ್ವೇ ನಡದದ, ಐತವಾರಕ್ಕೂ ರಜಾ ಇಲ್ಲ," ಅಂದೆ. ಯಾಕ ಹಂಗಂದೆ ಗೊತ್ತಿಲ್ಲ. ಬ್ಯಾರೆ ಏನರೆ ಹೇಳಬೇಕಂತ.

"ಆಕಿ ಯಾಕ? ಜೆಟ್ ಅದಲ್ಲ. ನಾ ನನ್ನ ಕೈಲೇ ಹೋಗ್ತೀನಿ, ನನ್ನ ಕೈಲೇ ಬರ್ತೀನಿ."


ಫೆಬ್ರವರಿ 20, ಗುರುವಾರ

ಪಂಪು ಗರ್ರ್ ಅಂದು — ನಿಂತತು.

ನಿಂತೇ ಬಿಡ್ತು. ನಿನ್ನೆ ಉಳದ ಜೋಡಣಿ ಎಲ್ಲಾ ಬದಲಿಸಿದ್ದೆ, ಆದ್ರೂ ನಂಬಿಕಿ ಬರಲಿಲ್ಲ. ಕಿವಿ ಹಚ್ಚಿ ಕುಂತೆ. ಕೆಳಗ ಬಗ್ಗಿದೆ. ಒಣ ಮಣ್ಣು. ಮುಂಜಾನಿ ಇಟ್ಟ ಬಣ್ಣದ ಡಬ್ಬಿ ಸಂಜಿಗೂ ಒಣಾ. ಅವ್ವ ಜೆಟ್ ಒತ್ತಿದಳು. ಛುರ್ ಅಂತು. ಬಾಗಿಲ ಹಿಂದಿಂದ — "ಸಲೈನ್ ಹೋಗಿ ನಳ ಬಂತೋ!"

ಐತವಾರ ಹೋಗೋದು. ಭಾವನ ಕೈಯಾಗ ಸ್ಟೇರಿಂಗ್, ನಾ ಅವ್ವನ ಬಾಜೂಕ. ರಸ್ತಾ ಖರಾಬ್ ಅದ. ಕುಲುಕಿದ್ರ ಹೊಸ ಜೋಡಣಿ ಬಿಚ್ಚಿದ್ರ? ನಡುದಾರಿಯಾಗ ಅವ್ವ ಒಳಗಿದ್ದಾಗ ನೀರು ಹೋದ್ರ? ಬಾಗಿಲು ತೆರೀಬೇಕೋ ಬ್ಯಾಡೋ? ನಾ ಮಗ, ಗಂಡಸು. ಸುಜಾತಾ ಇರಂಗಿಲ್ಲ. ಏನು ಮಾಡ್ಲಿ ಅವಾಗ.

ದೊಡ್ಡವ್ವ ಹತ್ತು ದಿನದಿಂದ ಯಾರನ್ನೂ ಗುರ್ತು ಹಿಡದಿಲ್ಲಂತ. ಇದನ್ನ ಅವ್ವಗ ಹೇಳೀನಿ. "ಆಕಿ ಗುರ್ತು ಹಿಡೀದಿದ್ರ ಏನಾತು, ನಾ ಹಿಡೀತೀನಲ್ಲ" ಅಂದಳು. ಆಮ್ಯಾಲ ಒಳಗ ಹೋಗಿ ಎಡಗೈಲೇ ಪೆಟ್ಟಿಗಿ ತೆರದು ಸೀರಿ ಹುಡಕಿದಳು. ಮೊದಲು ಒಂದು ತಗದಳು, ಮತ್ತ ಇಟ್ಟಳು, ಮತ್ತೊಂದು ತಗದಳು. ಯಾವದು ಉಟ್ಕೊಂಡ್ರ ಅಕ್ಕಗ ನೆನಪಾಗಬಹುದು ಅಂತ ಹುಡುಕಾಕತ್ಯಾಳ.


ಫೆಬ್ರವರಿ 23, ಐತವಾರ. ಮುಂಜಾನಿ, ಕೊಹೀರ್ ದಾಟಿ

ಗಾಡಿ ನಿಂತದ. ಅವ್ವ ಒಳಗ ಹೋಗ್ಯಾಳ. ನಾ ಕೆಳಗಿಳದು ರಸ್ತಾಕ ಬೆನ್ನು ಮಾಡಿ ನಿಂತು ಬರೀತೀನಿ. ಪ್ಯಾರಲ ಹಣ್ಣು ಮಾರೋಳು ಬಂದು "ತಗೋರಣ್ಣ" ಅಂತಾಳ. ಬ್ಯಾಡ ಅಂದ್ರ ಹೋಗವಲ್ಲಳು.

ಪಂಪು ಗರ್ರ್. ನಿಂತತು. ಮತ್ತ ಗರ್ರ್. ನಿಂತತು.

ಬಂದಳು. ಸೆರಗು ಸರಿ ಮಾಡ್ಕೊಂಡು ಕುಂತಳು. "ನಡೀರಿ ಅಳಿಯಂದ್ರೇ." ರಾಣಿ ಹೇಳಿದಂಗ ಹೇಳಿದಳು. ಭಾವ ಕನ್ನಡ್ಯಾಗ ನನ್ನ ನೋಡಿ ನಕ್ಕೋತ ಕಣ್ಣು ಹೊಡದ್ರು. ತಿಂಗಳಾತು ಆ ನಗು ನೋಡಿ.

ಖರೆ, ಕುಣಿಗಳು ಬಹಳ. ಹಿಂದ ಏನೋ ಟಕ್ ಅಂತು. ಭಾವ ಏನಿಲ್ಲ ಅಂದ್ರು.


ಅದೇ ದಿನ. ಪೆದ್ದೆಮುಲ್

ಬಂದು ಮುಟ್ಟಿದಿವಿ. ದಾರಿಯಾಗ ಮೂರ್ಸಲ ನಿಂತು, ಮೂರೂ ಸಲ ಅವ್ವ ತನ್ನ ಕೈಲೇ. ಟಾಕಿ ಅರ್ಧದ ಕೆಳಗ ಬಂದದ. ತಿರುಗಿ ಹೋಗಾಕ ಸಾಲತದೋ ಇಲ್ಲೋ. ಅಮೃತಬಾಯಿಗಿ ಮೊದಲು ಅದೇ ಕೇಳಿದೆ, ನಳ ಯಾವಾಗ ಬರತದವ್ವ ನಿಮ್ಮಲ್ಲಿ? "ನಾಳಿಗ್ರಿ" ಅಂದಳು.

ದೊಡ್ಡವ್ವ ಪರಸಿ ಕಲ್ಲಿನ ಕಟ್ಟಿ ಮ್ಯಾಲ ಕುಂತಿದ್ಳು. ಸಣ್ಣಾಗ್ಯಾಳ, ಒಣಗಿದ ತೊಗರಿ ಕಟಗಿ ಆದಂಗ. ಅವ್ವ ಕೋಲು ಊರ್ಕೋತ ಹೋಗಿ ಮುಂದ ನಿಂತಳು.

"ಅಕ್ಕಾ."

ದೊಡ್ಡವ್ವ ನೋಡಿದಳು. ಸೀರಿ ನೋಡಿದಳು, ಕೋಲು ನೋಡಿದಳು. "ಕೂಡವ್ವ. ಬಿಸಲಾಗ ಬಂದಿ. ಯಾರ ಮನಿಯಾಕಿ ನೀ?"

ಅಮೃತಬಾಯಿ ಕಿವಿಯಾಗ ಒದರಿದಳು, "ಅತ್ತೀ, ಸಾಯಿ ಅತ್ತಿ ಬಂದಾಳ, ನಿಮ್ಮ ತಂಗಿ!"

"ಸಾಯಿ ನೀರಿಗಿ ಹೋಗ್ಯಾಳ," ಅಂದಳು ದೊಡ್ಡವ್ವ. "ಬರ್ತಾಳ. ಕೂಡು."

ಅವ್ವ ಕುಂತಳು. ಬಾಜೂಕ ಬಾಜೂಕ. ಇಬ್ಬರೂ ಬೀದಿ ನೋಡ್ಕೋತ. ಅಮೃತಬಾಯಿ ಚಹಾ ತಂದಳು, ಆರಿ ಹೋಯ್ತು. ಇಷ್ಟಕ್ಕೇ ಏನು ಆ ಪೈಪು, ಆ ಪಂಪು, ಆ ಹಲಿಗಿ. ನಾ ಒಳಗ ಬಂದು ಗಾಡಿ ಸೀಟಿನ ಮ್ಯಾಲ ಕುಂತೆ. ಕಣ್ಣಾಗ ನೀರು ಬಂತು. ಪಂಪಿನ ಸ್ವಿಚ್ ಹಾಕಿದ್ದು ಹಾಕಿದಂಗೇ ಇತ್ತು.

ಗರ್ರ್ ಅಂತು. ನಿಂದ್ರಲಿಲ್ಲ.

ಹಿಂದ ನೀರಿನ ಸಪ್ಪಳ. ಓಡಿದೆ. ಭಾವನ ಟ್ಯೂಬಿನ ಪಟ್ಟಿ ಬಿಚ್ಚಿ ಜೋತಾಡಾಕತ್ತದ, ಹೊರಗಿನ ನಳದ ಕುತ್ತಿಗಿಯಿಂದ ನೀರು ಭರ್ರನ ಮಣ್ಣಿಗಿ. ಭಾವ ಅಂಗೈಲೇ ಒತ್ತಿ ಹಿಡದಾರ, ಬೆರಳ ಸಂದ್ಯಾಗಿಂದ ಬರಾಕತ್ಯಾವ. "ಬಂದ್ ಮಾಡೋ! ಸ್ವಿಚ್ ಬಂದ್ ಮಾಡೋ!"

ಅಷ್ಟರಾಗ ದನಿ.

"ಸಾಯೀ...! ನೀರು ಬಂದಾವ! ಕೊಡ ತಾರೇ!"

ದೊಡ್ಡವ್ವ ಎದ್ದು ನಿಂತಾಳ. ಅಮೃತಬಾಯಿ ಹಿಡಿಯಾಕ ಹೋದ್ರ ಕೈ ಜಾಡಿಸಿದಳು. ಕಟ್ಟಿ ಇಳದು ಬರೇಗಾಲಲೇ ಗಾಡಿ ಕಡಿ ಬರಾಕತ್ಯಾಳ. "ಸಾಯೀ! ಎಲ್ಲಿ ಸತ್ತಿಯೇ! ನೀರು ಹೋಗಾಕತ್ಯಾವ!" ಮೂರು ಹೊಲ ದಾಟೋ ದನಿ. ಮುಪ್ಪಿನಾಗೂ.

ಅವ್ವ ಎದ್ದಳು. ಕೋಲು ಅಲ್ಲೇ ಬಿಟ್ಟಳು. ಬಾಗಿಲ ಸಂದ್ಯಾಗಿನ ಕೊಡದ ಕುತ್ತಿಗಿ ಎಡಗೈಲೇ ಹಿಡದು, ಕಾಲು ಎಳಕೋತ, ಗ್ವಾಡಿ ಹಿಡಕೋತ ಬಂದಳು. ನಾ ಹೋಗಿ ತಗೋಬೇಕಂದೆ. ಕಣ್ಣಿಲೇ ಬ್ಯಾಡ ಅಂದಳು.

"ತಗೋ ಅಕ್ಕಾ."

ಭಾವ ಕೈ ತಗದ್ರು. ದೊಡ್ಡವ್ವ ಕೊಡ ಕಸಗೊಂಡು ನೀರಿಗಿ ಹಿಡದಳು. ಅವ್ವನ ಕಡಿ ನೋಡದೇ ಅಂದಳು — "ಎಷ್ಟೊತ್ತ ಮಾಡ್ದಿ ಸಾಯಿ? ಯಾವಾಗಿಂದ ದಾರಿ ಕಾಯಾಕತ್ತೀನಿ."

"ಗಾಡಿ ಕೆಟ್ಟಿತ್ತಕ್ಕ," ಅಂದಳು ಅವ್ವ.

ಬಾವಿ ಕಡಿ ನಿಂತ ಆ ಸಣ್ಣ ಹುಡಿಗಿಗಿ ಅಂದಳೋ, ಈ ಮುದುಕಿಗಿ ಅಂದಳೋ, ನಂಗ ತಿಳೀವಲ್ದು. ಕೊಡ ತುಂಬಿತು. "ಇನ್ನೊಂದು ತಾ." ಅವ್ವ ಇನ್ನೊಂದು ಕೊಟ್ಟಳು. ದೊಡ್ಡವ್ವ ಒದ್ದಿ ಕೈಲೇ ಅವ್ವನ ಗಲ್ಲ ಒರೆಸಿದಳು, ಅಲ್ಲಿ ಮಣ್ಣು ಸಿಡದಿತ್ತು. "ಮಾರಿ ನೋಡು ಹ್ಯಾಂಗ ಮಾಡ್ಕೊಂಡಿ."

ನಾ ಗಾಡಿಯೊಳಗ ಹೋಗಿ ಸ್ವಿಚ್ಚಿನ ಮ್ಯಾಲ ಬೆರಳಿಟ್ಟೆ. ಅವ್ವ ಅಲ್ಲಿಂದೇ — "ಜೈಪಾ, ಕೈ ಹಚ್ಚಬ್ಯಾಡ."

ಟಾಕಿಯಾಗ ಇರೋದೇ ಇಷ್ಟು. ಮುಗೀತಂದ್ರ ನಳ ನಿಂದ್ರತದ. ನಳ ನಿಂತ್ರ ದೊಡ್ಡವ್ವ... ತಿರುಗಿ ಹೋಗೋ ಮುಂದ ಅವ್ವನ ನೀರು... ತಿಳೀವಲ್ದು, ಏನೂ ತಿಳೀವಲ್ದು. ಭಾವ ತುಂಬಿದ ಕೊಡ ಹೆಗಲ ಮ್ಯಾಲ ಏರಿಸ್ಕೊಂಡು, ಅವರಿಬ್ಬರಿಗಿ ಕಾಣದಂಗ ಗಾಡಿ ಸುತ್ತು ಹಾಕಿ ಈ ಕಡಿ ಬಂದು, ಟಾಕಿ ಬಾಯಾಗ ಸುರುವಿದ್ರು. ಖಾಲಿ ಕೊಡ ಒಯ್ದು ಮತ್ತ ಅಲ್ಲಿಟ್ರು. ದೊಡ್ಡವ್ವ ತುಂಬಿದಳು. ಭಾವ ತಂದ್ರು. ಸುರುವಿದ್ರು. ಅಂಗಿ ಪೂರಾ ತೊಯ್ದದ. ಒಂದೊಂದು ಸುತ್ತಿಗೂ ಅಷ್ಟಷ್ಟು ನೀರು ಮಣ್ಣಾಗ ಹೋಗಾಕತ್ಯಾವ. ಕೊಡ ಮೊದಲಿನಷ್ಟು ತುಂಬವಲ್ದು.

ಅಮೃತಬಾಯಿ ಬಾಜೂ ಮನಿಗಿ ನೀರು ಕೇಳಾಕ ಹೋಗ್ಯಾಳ. ಇನ್ನೂ ಬಂದಿಲ್ಲ. ಭಾವ ಮತ್ತ ಬಂದ್ರು, ಟಾಕಿ ಬಾಯಿಗಿ ಲಾಳಿಕಿ ಹಿಡಿ ಅಂತಾರ. ಅಕಡಿಯಿಂದ ಅವ್ವ ಕೂಗಾಕತ್ಯಾಳ — ಜೈಪಾ, ನೀರು ಸಣ್ಣಾಗ್ಯಾವ, ಜಲ್ದಿ